ಅಜ್ಜಿ ಉಂಡು ಮುಗಿಸುವ ತನಕ

ಬಹಳ ಕಾಲದ ಹಿಂದೆ ಕೆಂಬಾಳ ಎಂಬ ರಾಜ್ಯವಿತ್ತು. ಅಲ್ಲಿನ ರಾಜಕುಮಾರ ವೀರಕೇತುವಿಗೆ ಕತ್ತಿ ಹಿಡಿಯಲು ಬರುತ್ತಿತ್ತು, ಕುದುರೆ ಏರಲು ಬರುತ್ತಿತ್ತು, ಪಂಕ್ತಿಯಲ್ಲಿ ಕೂತು ಉಣ್ಣಲು ಮಾತ್ರ ಬರುತ್ತಿರಲಿಲ್ಲ. ತನ್ನ ಎಲೆ ಖಾಲಿಯಾದರೆ ಸಾಕು, ಪಕ್ಕದವರು ಉಣ್ಣುತ್ತಿದ್ದರೂ ಎದ್ದು ಹೋಗುತ್ತಿದ್ದ. ತಂದೆ ತಾಯಿ ಇಲ್ಲದ ಮಗುವೆಂದು ಅಜ್ಜಿ ಚೆನ್ನಾಜಮ್ಮ ಒಮ್ಮೆಯೂ ಗದರಲಿಲ್ಲ. ಪ್ರೀತಿ ಕೆಲವೊಮ್ಮೆ ಹೀಗೆ ಬಾಯಿ ಕಟ್ಟಿಹಾಕುತ್ತದೆ.

ಒಂದು ಬೆಳಗ್ಗೆ ಕಾಗೆಯೊಂದು ಅರಮನೆಯ ಕಿಟಕಿಯಲ್ಲಿ ಕೂತು, "ಅಜ್ಜೀ, ನಾನು" ಎಂದಿತು. ಅದು ವೀರಕೇತುವಿನ ದನಿ. ಬೇಟೆಗೆ ಹೋದವನನ್ನು ಮಾಂತ್ರಿಕ ದುರ್ಜಿಹ್ವ ಊಟಕ್ಕೆ ಕರೆದಿದ್ದ. ಅವನ ಪಂಕ್ತಿಯ ಕಟ್ಟಳೆ ಮೀರಿದವರು ಕಾಗೆಯಾಗುತ್ತಿದ್ದರು. ವೀರಕೇತು ಎಂದಿನಂತೆ ಮೊದಲೇ ಎದ್ದುಬಿಟ್ಟಿದ್ದ.

"ಇವತ್ತು ಸೂರ್ಯ ಮುಳುಗಿದರೆ ಮನುಷ್ಯರ ಮಾತು ಮರೆಯುತ್ತೇನಂತೆ ಅಜ್ಜೀ. ನಿಮ್ಮನ್ನೂ ಮರೆಯುತ್ತೇನಂತೆ."

ಚೆನ್ನಾಜಮ್ಮ ಮೊಮ್ಮಗಳು ಮಲ್ಲಾಂಬೆಯ ಕೈ ಹಿಡಿದು, ಕಾಗೆಯ ಹಿಂದೆಯೇ ಹೊರಟಳು. "ತಪ್ಪು ಅವನದಲ್ಲ ಮಗೂ, ಕಲಿಸದ ನನ್ನದು" ಎಂದಳು.

ದುರ್ಜಿಹ್ವನ ಮನೆಯ ತೊಲೆಗಳ ಮೇಲೆಲ್ಲ ಕಾಗೆಗಳಿದ್ದವು. ಕೆಳಗೆ ಸಾಲಾಗಿ ಬಾಳೆಎಲೆ ಹಾಕಿತ್ತು. ಎಲೆಗಳ ಮುಂದೆ ನೂರು ಕಲ್ಲಿನ ಬೊಂಬೆಗಳು ಕೂತಿದ್ದವು.

"ಇಲ್ಲಿ ಎಲ್ಲರಿಗೂ ಒಂದೇ ಕಟ್ಟಳೆ. ಕೊನೆಯ ಎಲೆಗೆ ಬಡಿಸುವ ಮುನ್ನ ತುತ್ತು ಮುಟ್ಟಬಾರದು, ಬಡಿಸಿದ್ದನ್ನು ಹಳಿಯಬಾರದು, ಪಕ್ಕದವರು ಉಂಡು ಮುಗಿಸುವ ಮುನ್ನ ಏಳಬಾರದು. ನಾನೇ ಮೀರಿದರೆ ಈ ಕಾಗೆಗಳಿಗೆಲ್ಲ ಬಿಡುಗಡೆ" ಎಂದ ಮಾಂತ್ರಿಕ. "ಇನ್ನೂರು ವರ್ಷದಿಂದ ನಾನು ಮೀರಿಲ್ಲ."

ಮೂವರೂ ಪಂಕ್ತಿಗೆ ಕೂತರು. ಮೊದಲು ಬಿಸಿ ಅನ್ನ, ತುಪ್ಪ ಬಂತು. ಬಡಿಸುವ ಭೂತ ಒಂದೊಂದು ಬೊಂಬೆಯ ಎದುರೂ ನಿಂತು ನಿಂತು ಬಡಿಸಿತು. ಮಲ್ಲಾಂಬೆಯ ಹೊಟ್ಟೆ ಚುರುಗುಟ್ಟಿತು. ಆದರೂ ಕೊನೆಯ ಎಲೆಗೆ ಅನ್ನ ಬೀಳುವ ತನಕ ಅವಳು ತುತ್ತು ಮುಟ್ಟಲಿಲ್ಲ.

ಎರಡನೆಯದಾಗಿ ಪಾಯಸ ಬಂತು. ಬಾಯಿಗಿಟ್ಟರೆ ಬೇವಿನ ಕಷಾಯದಷ್ಟು ಕಹಿ. "ಹೇಗಿದೆ?" ಎಂದು ದುರ್ಜಿಹ್ವ ನಕ್ಕ. ಮಲ್ಲಾಂಬೆ ಮುಖ ಕಿವುಚಲಿಲ್ಲ, ಉಗುಳಲಿಲ್ಲ. "ಬಡಿಸಿದ್ದನ್ನು ಉಣ್ಣುತ್ತಿದ್ದೇನೆ ಸ್ವಾಮಿ" ಎಂದಳು.

ಮೂರನೆಯದು ಕಾಯುವುದು. ಮಾಂತ್ರಿಕನ ಎಲೆ ಖಾಲಿಯಾಯಿತು, ಮಲ್ಲಾಂಬೆಯದೂ ಆಯಿತು. ಅಜ್ಜಿಯ ಎಲೆಯಲ್ಲಿ ಇನ್ನೂ ಅರ್ಧ ಅನ್ನವಿತ್ತು. ಹಲ್ಲಿಲ್ಲದ ಬಾಯಿ, ಪ್ರತಿ ತುತ್ತನ್ನೂ ವಸಡಿನಲ್ಲೇ ಮೆದ್ದು ನುಂಗಬೇಕು. ಹೊರಗೆ ಬಿಸಿಲು ಇಳಿಯತೊಡಗಿತು.

"ಅಜ್ಜೀ, ಹೊತ್ತು ಮುಳುಗುತ್ತೆ" ಎಂದಳು ಮಲ್ಲಾಂಬೆ.

"ಕೂತಿರು ಮಗೂ. ಮನೆಯಲ್ಲಿ ಅವನು ಎದ್ದ ಕೂಡಲೇ ನಾನೂ ಎಲೆ ಮಡಿಸುತ್ತಿದ್ದೆ. ಎಂಟು ವರ್ಷ ಅರೆಹೊಟ್ಟೆಯಲ್ಲೇ ಎದ್ದಿದ್ದೇನೆ. ಇವತ್ತು ಹೊಟ್ಟೆ ತುಂಬ ಉಣ್ಣುತ್ತೇನೆ."

ತೊಲೆಯ ಮೇಲೆ ಒಂದು ಕಾಗೆ ತಲೆ ತಗ್ಗಿಸಿತು. ಮಲ್ಲಾಂಬೆಯ ಕಣ್ಣು ತುಂಬಿ ಬಂತು. ಅದೇ ಪಂಕ್ತಿಯಲ್ಲಿ ಕೂತು ಉಂಡವಳು ತಾನು, ಇದನ್ನು ಕಂಡೇ ಇರಲಿಲ್ಲ.

"ಇನ್ನು ಸ್ವಲ್ಪ ಮಜ್ಜಿಗೆ ಅನ್ನ ಬಡಿಸಪ್ಪ" ಎಂದು ಚೆನ್ನಾಜಮ್ಮ ಭೂತಕ್ಕೆ ಹೇಳಿದಳು.

ಅಲ್ಲಿಯ ತನಕ ಬಂದ ಅತಿಥಿಗಳೆಲ್ಲ ಅವನಿಗಿಂತ ಮೊದಲೇ ಕಟ್ಟಳೆ ಮೀರಿ ಕಾಗೆಯಾಗಿದ್ದರಿಂದ ದುರ್ಜಿಹ್ವ ಯಾರಿಗಾಗಿಯೂ ಕಾದವನೇ ಅಲ್ಲ. "ಇನ್ನೂ ಎಷ್ಟು ಹೊತ್ತು ಮುದುಕೀ!" ಎಂದು ಚೀರುತ್ತ ಎದ್ದು ನಿಂತ. ನಿಂತವನ ಮೈಯೆಲ್ಲ ಕಪ್ಪು ಪುಕ್ಕ ಮೂಡಿತು. ಬೊಂಬೆಗಳು ಪುಡಿಯಾದವು. ಕಾಗೆಯಾಗಿದ್ದವರೆಲ್ಲ ಮತ್ತೆ ಮನುಷ್ಯರಾಗಿ ತೊಲೆಗಳಿಂದ ಒಬ್ಬೊಬ್ಬರಾಗಿ ಇಳಿದರು, ವೀರಕೇತುವೂ ಇಳಿದ. ಮಾಂತ್ರಿಕನಾಗಿದ್ದ ಕಾಗೆ ಕಾಡಿಗೆ ಹಾರಿತು, ಮತ್ತೆ ಯಾರಿಗೂ ಕಾಣಲಿಲ್ಲ.

ಮರುದಿನ ಅರಮನೆಯಲ್ಲಿ ವೀರಕೇತುವಿನ ಎಲೆ ಬೇಗ ಖಾಲಿಯಾಯಿತು. ಅವನು ಕೂತೇ ಇದ್ದ. ಎಂಜಲು ಕೈ ಒಣಗಿತು, ಆದರೂ ಕೂತಿದ್ದ.

"ಅಜ್ಜೀ, ಇನ್ನೊಂದು ಸೌಟು ಹಾಕಿಸಲಾ?" ಎಂದ.

"ಹೂಂ" ಎಂದಳು ಅಜ್ಜಿ.

ಆಮೇಲೆ ಆ ರಾಜ್ಯದಲ್ಲಿ ಎಲ್ಲರೂ ಹೊಟ್ಟೆ ತುಂಬ ಉಂಡರು, ಒಟ್ಟಿಗೇ ಎದ್ದರು, ಸುಖವಾಗಿ ಬಾಳಿದರು.