ಕ್ಯಾಪ್ಟನ್ ಕರೆದಿದ್ದ ಪ್ರವಾಸ

ಶುಕ್ರವಾರ ಬೆಳಗ್ಗೆ ಎಂಟು ಐವತ್ತಕ್ಕೆ ಬಂದರು ಠಾಣೆಯ ಮೆಟ್ಟಿಲು ಹತ್ತಿ ಬಂದ ಹೆಂಗಸಿನ ಕಣ್ಣು ನಿದ್ದೆಗೆಟ್ಟು ಕೆಂಪಾಗಿದ್ದವು. ಬಗಲಲ್ಲಿ ಒಂದು ದಪ್ಪ ನೋಟ್‌ಬುಕ್ ಅವುಚಿಕೊಂಡಿದ್ದಳು. ಇನ್ಸ್‌ಪೆಕ್ಟರ್ ಆಗಷ್ಟೇ ಬಂದು ಟೋಪಿ ತೆಗೆದಿಟ್ಟಿದ್ದರು.

"ನಮ್ಮಕ್ಕ ಕಾಣಿಸ್ತಿಲ್ಲ ಮೇಡಂ. ನಿನ್ನೆ ಮಧ್ಯಾಹ್ನ ಹೋದೋಳು."

"ಕೂತ್ಕೊಳ್ಳಿ. ಎಷ್ಟು ಗಂಟೆಗೆ ಹೋದ್ರು?"

"ಮೂರೂಮುಕ್ಕಾಲಿಗೆ. ಐದೂವರೆಗೆ ವಾಪಸ್ ಬರ್ತೀನಿ ಅಂದಿದ್ಲು."

"ಇಷ್ಟು ಹೊತ್ತು ಯಾಕೆ ಕಾದ್ರಿ?"

"ನಿನ್ನೆ ಎಂಟು ಗಂಟೆಗೇ ಬಂದಿದ್ದೆ. ಊರು ನೋಡೋಕೆ ಬಂದೋರು, ಎಲ್ಲೋ ಸುತ್ತಾಡ್ತಿರಬೇಕು, ಬೆಳಗ್ಗೆ ಬನ್ನಿ ಅಂದ್ರು."

ಇನ್ಸ್‌ಪೆಕ್ಟರ್ ದಫೇದಾರರ ಕಡೆ ನೋಡಿದರು. ನಿನ್ನೆ ಆ ಪಾಳಿಯಲ್ಲಿ ಇದ್ದವರು ಅವರಲ್ಲ. ಆದರೂ ಅವರ ಮುಖ ಸಣ್ಣದಾಯಿತು. ರಿಜಿಸ್ಟರ್ ಬಿಡಿಸಿ ಪೆನ್ನು ತೆಗೆದರು. ಹದಿಮೂರು ಗಂಟೆ ವ್ಯರ್ಥವಾಗಿದೆ ಎಂದು ಇನ್ಸ್‌ಪೆಕ್ಟರ್ ಮನಸ್ಸಿನಲ್ಲೇ ಲೆಕ್ಕ ಹಾಕಿದರು.

ಕಾಣೆಯಾದವಳಿಗೆ ನಲವತ್ತಾರು ವರ್ಷ. ಬಸ್ ಡಿಪೋದಲ್ಲಿ ಟೈಮ್‌ಕೀಪರ್. ಅವಳ ಶಾಲೆಯ ಹಳೆಯ ಸಹಪಾಠಿಗಳು, ಅವರ ಮನೆಯವರು ಸೇರಿ ಹದಿನೆಂಟು ಜನ ಈ ಬಂದರು ಪಟ್ಟಣಕ್ಕೆ ಮೂರು ದಿನದ ಪ್ರವಾಸ ಬರುವವರಿದ್ದರು. ಇವತ್ತು ಸಾಯಂಕಾಲ ಅವರು ರೈಲು ಹತ್ತಬೇಕು. ಲಾಡ್ಜ್ ರೂಮು, ದೋಣಿ, ಊಟದ ಜಾಗ ಎಲ್ಲವನ್ನೂ ಕಣ್ಣಾರೆ ನೋಡದೆ ಒಪ್ಪುವ ಜಾಯಮಾನ ಅವಳದಲ್ಲ. ಹಾಗಾಗಿ ತಂಗಿಯನ್ನು ಕರೆದುಕೊಂಡು ಎರಡು ದಿನ ಮೊದಲೇ ಬಂದಿಳಿದಿದ್ದಳು.

"ಅವರ ಫೋನು?"

"ಸ್ವಿಚ್ ಆಫ್. ಆದ್ರೆ ಬೆಳಗ್ಗೆ ಆರೂ ಹತ್ತಕ್ಕೆ ಅವಳ ಬ್ಯಾಚಿನ ಗ್ರೂಪಿಗೆ ಇದು ಬಂದಿದೆ. ನಾನೂ ಆ ಗ್ರೂಪಲ್ಲಿದ್ದೀನಿ."

ತಂಗಿ ತನ್ನ ಫೋನು ಮುಂದೆ ಹಿಡಿದಳು. 'ಪ್ರವಾಸ ರದ್ದಾಗಿದೆ. ನನಗೆ ಹುಷಾರಿಲ್ಲ. ದಯವಿಟ್ಟು ಯಾರೂ ಬರಬೇಡಿ.'

"ಇದು ಅಕ್ಕ ಬರೆದದ್ದಲ್ಲ ಮೇಡಂ. ನೂರಮೂರು ಜ್ವರದಲ್ಲೂ ಮಲಗಿದಲ್ಲಿಂದಲೇ ಡ್ಯೂಟಿ ಚಾರ್ಟ್ ಕಳಿಸಿದೋಳು ಅವಳು. ಹುಷಾರಿಲ್ಲ ಅನ್ನೋ ಮಾತು ಅವಳ ಬಾಯಲ್ಲಿ ಬರಲ್ಲ. ಅದೂ ಅಲ್ದೆ, ಒಂದೇ ರೂಮಲ್ಲಿರೋ ನನಗೆ ಹೇಳದೆ ಊರಿಗೆಲ್ಲ ಹೇಳ್ತಾಳಾ?"

ಒಂಬತ್ತು ಹತ್ತಕ್ಕೆ ಎಫ್‌ಐಆರ್ ದಾಖಲಾಯಿತು. ಫೋನಿನ ಟವರ್ ಮಾಹಿತಿಗೆ ಪತ್ರ ಹೋಯಿತು. ಇನ್ಸ್‌ಪೆಕ್ಟರ್ ಆ ಸಂದೇಶವನ್ನು ಮತ್ತೆ ಓದಿದರು. ಚೀಲ ಕಿತ್ತುಕೊಂಡು ಓಡುವವನು ಫೋನು ಮಾರುತ್ತಾನೆಯೇ ಹೊರತು, ಅದರಲ್ಲಿ ಕೂತು ದಯವಿಟ್ಟು ಬರಬೇಡಿ ಎಂದು ಬರೆಯುವುದಿಲ್ಲ.

"ದಫೇದಾರ್ರೇ, ಈ ಹದಿನೆಂಟು ಜನ ಬಂದ್ರೆ ಯಾರಿಗೆ ತೊಂದರೆ?"

"ಯಾರಿಗೆ ಮೇಡಂ? ಬರ್ತಾರೆ, ತಿಂತಾರೆ, ಫೋಟೋ ತೆಗೀತಾರೆ, ಹೋಗ್ತಾರೆ. ಊರಲ್ಲಿ ಅರ್ಧ ಜನ ಬದುಕಿರೋದೇ ಇಂಥೋರಿಂದ."

"ಒಬ್ಬರಿಗೆ ಆಗಿಬಂದಿಲ್ಲ. ಅದ್ಯಾರು ನೋಡೋಣ."

ತಂಗಿ ತಂದಿದ್ದ ಅಕ್ಕನ ನೋಟ್‌ಬುಕ್ಕಿನಲ್ಲಿ ಮೂರು ದಿನದ ಕಾರ್ಯಕ್ರಮ ಬಸ್ಸಿನ ವೇಳಾಪಟ್ಟಿಯಂತೆ ಗೆರೆ ಎಳೆದು ಬರೆದಿತ್ತು. ಯಾರಿಗೆ ಮೊಣಕಾಲು ನೋವು, ಯಾರು ಕೆಳಗಿನ ಮಂಚದಲ್ಲೇ ಮಲಗಬೇಕು, ಯಾವ ಇಬ್ಬರನ್ನು ಒಂದೇ ರೂಮಿಗೆ ಹಾಕಬಾರದು, ಎಲ್ಲವೂ ಇತ್ತು. ಗುರುವಾರದ ಪುಟದಲ್ಲಿ, '4.30, ಎರಡನೇ ಗೇಟು, ಕ್ಯಾಪ್ಟನ್ ಭೇಟಿ'. ಭಾನುವಾರದ ಪುಟದಲ್ಲಿ, '9.30, ಕ್ಯಾಪ್ಟನ್ ದೋಣಿ, 18 ಜನ'.

"ಈ ಕ್ಯಾಪ್ಟನ್ ಯಾರು?"

"ಅಕ್ಕನ ಕ್ಲಾಸ್‌ಮೇಟು. ಇಲ್ಲೇ ಬಂದರಲ್ಲಿ ಪೈಲಟ್. ಹೊರಗಿಂದ ಬರೋ ದೊಡ್ಡ ಹಡಗನ್ನ ಒಳಗೆ ತಂದು ನಿಲ್ಲಿಸ್ತಾರಂತಲ್ಲ, ಅದು. ಬ್ಯಾಚಿಗೆಲ್ಲ ಅವರಂದ್ರೆ ಹೆಮ್ಮೆ. ನಮ್ಮೂರಿಗೆ ಬನ್ನಿ, ನನ್ನ ದೋಣೀಲಿ ಬಂದರು ಸುತ್ತಿಸ್ತೀನಿ ಅಂತ ಅವರೇ ವರ್ಷಗಟ್ಟಲೆ ಕರೀತಿದ್ರು."

ಇನ್ಸ್‌ಪೆಕ್ಟರ್ ಗ್ರೂಪಿನ ಸಂದೇಶಗಳನ್ನು ಹಿಂದಕ್ಕೆ ಸರಿಸುತ್ತಾ ಹೋದರು. ಕ್ಯಾಪ್ಟನ್‌ದು ಒಂದು ಫೋಟೋ ಇತ್ತು: ಬಿಳಿ ಸಮವಸ್ತ್ರ, ಹೆಗಲ ಮೇಲೆ ನಾಲ್ಕು ಚಿನ್ನದ ಪಟ್ಟಿ, ಹಿಂದೆ ಸಮುದ್ರ. ರೈಲು ಟಿಕೆಟ್ ಆಗುವವರೆಗೂ ಬನ್ನಿ ಬನ್ನಿ ಎಂದವನು, ಆದ ಮೇಲೆ ಬೇರೆ ರಾಗ ಎಳೆದಿದ್ದ. ಒಂದು ವಾರ ಗಾಳಿ ಜೋರು ಎಂದಿದ್ದ. ಮರುವಾರ ಬಂದರಿನಲ್ಲಿ ತಪಾಸಣೆ, ಹೊರಗಿನವರಿಗೆ ಪ್ರವೇಶವಿಲ್ಲ. ಮೊನ್ನೆ, ಬೇಸಿಗೆ ಕಳೆದ ಮೇಲೆ ಬಂದರೆ ಒಳ್ಳೆಯದು. ಪ್ರತಿ ಸಲವೂ ಟೈಮ್‌ಕೀಪರ್ ಒಂದೇ ಉತ್ತರ ಬರೆದಿದ್ದಳು: 'ಹೊರಟಾಯಿತು.'

ಒಂಬತ್ತು ಐವತ್ತಕ್ಕೆ ಅವನ ನಂಬರಿಗೆ ಕರೆ ಮಾಡಿದರು. ಎರಡನೇ ರಿಂಗಿಗೆ ಎತ್ತಿದ.

"ನಿನ್ನೆ ನಾಲ್ಕೂವರೆಗೆ ಆಕೆ ಭೇಟಿಯಾದ್ರಾ?"

"ಇಲ್ಲ ಮೇಡಂ. ಅರ್ಧ ಗಂಟೆ ಕಾದೆ. ಬರ್ಲಿಲ್ಲ."

"ಫೋನ್ ಮಾಡಿ ಕೇಳಿಲ್ವಾ?"

"ಹಡಗು ಬರೋದಿತ್ತು. ಈಗಲೂ ಹಡಗಲ್ಲೇ ಇದ್ದೀನಿ, ಆಮೇಲೆ ಮಾಡ್ತೀನಿ."

ಅವನ ಮಾತಿನ ಹಿಂದೆ ಬುಸುಗುಟ್ಟುವ ಸದ್ದೂ ಧಡ್ ಧಡ್ ಎಂಬ ಬಡಿತವೂ ಕೇಳುತ್ತಿತ್ತು. ಹಡಗಿನ ಎಂಜಿನ್ ಇರಬೇಕು ಎಂದುಕೊಂಡು ಇನ್ಸ್‌ಪೆಕ್ಟರ್ ಎದ್ದರು.

ಹಡಗು ನಿಲ್ಲುವ ಧಕ್ಕೆಯ ಬೀದಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಪ್ರವಾಸಿಗರ ಗುಂಪುಗಳು ಬಾವುಟ ಹಿಡಿದವನ ಹಿಂದೆ ಹಿಂಡು ಹಿಂಡಾಗಿ ಸಾಗುತ್ತಿದ್ದವು. ದೋಣಿಯವರು ಇನ್ನಿಬ್ಬರು, ಇನ್ನಿಬ್ಬರು ಎಂದು ಕೂಗಿ ಗಂಟಲು ಹರಿದುಕೊಳ್ಳುತ್ತಿದ್ದರು. ನಡುರಸ್ತೆಯಲ್ಲಿ ಒಬ್ಬ ಕೊಳಲು ನುಡಿಸುತ್ತಿದ್ದ, ಸುತ್ತ ಜನ ಚಪ್ಪಾಳೆ ತಟ್ಟುತ್ತಿದ್ದರು. ಇಷ್ಟು ಜನರ ನಡುವೆ ಒಬ್ಬ ಹೆಂಗಸು ಹಾಡಹಗಲಲ್ಲಿ ಕಾಣೆಯಾಗಬಹುದು ಎಂದು ಯಾರಿಗೂ ಅನ್ನಿಸುವಂತಿರಲಿಲ್ಲ.

ಎರಡನೇ ಗೇಟಿನ ಕ್ಯಾಮೆರಾ ದಾಖಲೆಯನ್ನು ಕಾನ್‌ಸ್ಟೆಬಲ್ ಓಡಿಸಿ ತೋರಿಸಿದ. ಹೇಳಿದ ಹೊತ್ತಿಗಿಂತ ಅರ್ಧ ಗಂಟೆ ಮೊದಲೇ, ನಾಲ್ಕು ಒಂದಕ್ಕೆ, ಟೈಮ್‌ಕೀಪರ್ ಬಂದು ನಿಂತಿದ್ದಳು. ನಾಲ್ಕು ಆರಕ್ಕೆ ಯಾರನ್ನೋ ಕಂಡವಳಂತೆ ಕೈ ಎತ್ತಿದಳು, ನಕ್ಕಳು, ಎಡಗಡೆಯ ಓಣಿಗೆ ತಿರುಗಿದಳು. ಅಲ್ಲಿಂದಾಚೆಗೆ ಚಿತ್ರದಲ್ಲಿ ಬರಲಿಲ್ಲ.

"ನಗ್ತಾ ಹೋಗಿದ್ದಾರೆ ಮೇಡಂ," ಎಂದರು ದಫೇದಾರರು. "ಗುರುತಿನೋರೇ."

ಹತ್ತು ನಲವತ್ತಕ್ಕೆ ಬಂದರು ಕಚೇರಿ. ಗುಮಾಸ್ತ ಪಟ್ಟಿ ತೆಗೆದು ಬೆರಳಾಡಿಸಿದ. "ಇಲ್ಲಿರೋದು ಐದೇ ಪೈಲಟ್‌ಗಳು. ಈ ಹೆಸರೂ ಇಲ್ಲ, ಈ ಮುಖವೂ ಇಲ್ಲ. ಹಿಂದೆಯೂ ಇರಲಿಲ್ಲ."

ಪಕ್ಕದ ಬೆಂಚಿನಲ್ಲಿ ಚಹಾ ಕುಡಿಯುತ್ತಿದ್ದ ಹಿರಿಯ ಪೈಲಟ್ ಕತ್ತು ಚಾಚಿ ಫೋಟೋ ನೋಡಿದರು. ಕನ್ನಡಕ ಮೇಲಕ್ಕೇರಿಸಿ ಮತ್ತೊಮ್ಮೆ ನೋಡಿದರು.

"ಈ ಮನುಷ್ಯ ಯಾರೋ ಗೊತ್ತಿಲ್ಲ. ಅಂಗಿ ಮಾತ್ರ ನಂದು."

"ಹೇಗೆ ಹೇಳ್ತೀರಿ?"

"ಮೂರನೇ ಗುಂಡಿ ನೋಡಿ. ಮನೆಯಲ್ಲಿ ಬಿಳಿ ದಾರ ಇರ್ಲಿಲ್ಲ ಅಂತ ಹೆಂಡತಿ ಕರೀ ದಾರದಲ್ಲಿ ಹೊಲಿದಿದ್ಲು. ಅದಕ್ಕೊಂದು ಜಗಳವೂ ಆಗಿತ್ತು."

"ನಿಮ್ಮ ಅಂಗಿ ಯಾರ ಕೈಗೆ ಸಿಗುತ್ತೆ?"

"ನಾನು, ನನ್ನ ಹೆಂಡತಿ. ಇನ್ನು ಲಾಂಡ್ರಿಯೋರು."

"ಲಾಂಡ್ರಿ ಎಲ್ಲಿದೆ?"

"ಎರಡನೇ ಗೇಟಿನ ಎಡಗಡೆ ಓಣಿ."

ಇನ್ಸ್‌ಪೆಕ್ಟರ್ ಜೀಪಿಗೆ ಕಾಯದೆ ಜನರನ್ನು ಸರಿಸುತ್ತಾ ಕಾಲ್ನಡಿಗೆಯಲ್ಲೇ ಹೊರಟರು. ದಫೇದಾರರು ಏದುಸಿರು ಬಿಡುತ್ತಾ ಹಿಂದೆ ಬಂದರು.

ಲಾಂಡ್ರಿಯ ಬಾಗಿಲು ತಳ್ಳಿದಾಗ ಹನ್ನೊಂದು ಇಪ್ಪತ್ತು. ಮುಖಕ್ಕೆ ಬಿಸಿ ಗಾಳಿ ರಾಚಿತು. ಆಳೆತ್ತರದ ಯಂತ್ರಗಳು ಬಟ್ಟೆಯನ್ನು ಧಡ್ ಧಡ್ ಎಂದು ಮಗುಚುತ್ತಿದ್ದವು. ಕೊಳವೆಗಳು ಬುಸುಗುಟ್ಟುತ್ತಿದ್ದವು. ಫೋನಿನಲ್ಲಿ ಕೇಳಿದ್ದು ಇದೇ ಸದ್ದು. ಇನ್ಸ್‌ಪೆಕ್ಟರ್ ನಾಲಿಗೆ ಕಚ್ಚಿಕೊಂಡರು.

ಮಾಲಕಿ ಸೆರಗಿನಂತೆ ಹೆಗಲ ಮೇಲೆ ಇಳಿಬಿಟ್ಟಿದ್ದ ಟವೆಲ್ಲಿನಲ್ಲಿ ಕೈ ಒರೆಸಿಕೊಳ್ಳುತ್ತಾ ಬಂದು ಫೋಟೋ ನೋಡಿ ನಕ್ಕಳು. "ಇವನಾ? ಇದೇನು ವೇಷ? ನಮ್ಮ ಇಸ್ತ್ರಿಯೋನು. ಇಪ್ಪತ್ತೆರಡು ವರ್ಷದಿಂದ ಇದ್ದಾನೆ. ಅವನ ಹಾಗೆ ಕಾಲರ್ ಮಡಿಸೋರು ಈ ಊರಲ್ಲಿಲ್ಲ."

"ಎಲ್ಲಿದ್ದಾನೆ?"

"ಏಳನೇ ಧಕ್ಕೆಗೆ ಹೋದ. ಹಡಗು ಒಂದಕ್ಕೆ ಹೊರಡುತ್ತೆ, ಸಿಬ್ಬಂದಿ ಬಟ್ಟೆ ತಲುಪಿಸಬೇಕಿತ್ತು. ಇವತ್ತು ಹೋಗೋಕೆ ಒಲ್ಲೆ ಅಂತಿದ್ದ, ಬೈದು ಕಳಿಸಿದೆ."

ಕಾನ್‌ಸ್ಟೆಬಲ್ ಧಕ್ಕೆಯ ಕಡೆ ಓಡಿದ.

"ನಿನ್ನೆ ಒಬ್ಬ ಹೆಂಗಸು ಅವನನ್ನ ಹುಡುಕ್ಕೊಂಡು ಬಂದಿದ್ರಾ?"

"ನಾನು ನೋಡಿಲ್ಲ. ಹಿಂಬಾಗಿಲಿಂದ ಬಂದ್ರೆ ನಮಗೆ ಗೊತ್ತಾಗಲ್ಲ."

ಇಸ್ತ್ರಿ ಮೇಜಿನ ಹತ್ತಿರ ಒಬ್ಬ ಕೆಲಸದಾಕೆ ಯಾರಿಗೋ ಗೊಣಗುತ್ತಿದ್ದಳು. "ಈಗ ನೋಡು, ಹಬೆ ಸರಿಯಾಗಿ ಬರ್ತಿದೆ. ಬೆಳಗ್ಗೆಯಿಂದ ನಾಲ್ಕು ಸಲ ಆ ಮೂರನೇ ವಾಲ್ವ್ ತಿರುಗಿಸಿದ್ದೀನಿ. ನಾನು ಬಿಡೋದು, ಅವನು ಬಂದು ಬಂದ್ ಮಾಡೋದು. ಏನು ಬಂದಿತ್ತೋ ಅವನಿಗೆ."

ಇನ್ಸ್‌ಪೆಕ್ಟರ್ ಅವಳತ್ತ ತಿರುಗಿದರು. "ಯಾರು ಬಂದ್ ಮಾಡ್ತಿದ್ದದ್ದು?"

"ನಮ್ಮ ಇಸ್ತ್ರಿಯೋನೇ."

"ಆ ಕೊಳವೆ ಈ ಮೇಜಿಗೆ ಬಂದು ಮುಗಿಯುತ್ತಾ?"

"ಮುಂದಕ್ಕೂ ಹೋಗುತ್ತೆ. ಹಿಂದಿನ ಹಳೇ ಒಣಗಿಸೋ ಕೋಣೆಗೆ. ಅದನ್ನ ಈಗ ಯಾರೂ..."

ಇನ್ಸ್‌ಪೆಕ್ಟರ್ ಕೊಳವೆಯ ಜಾಡು ಹಿಡಿದು ಓಡಿದರು. ಅದು ಗೋಡೆಗುಂಟ ಸಾಗಿ, ಮೂಟೆಗಳ ಹಿಂದೆ ತಿರುಗಿ, ತಗಡು ಹೊಡೆದ ದಪ್ಪ ಬಾಗಿಲ ಪಕ್ಕದಲ್ಲಿ ಒಳಗೆ ನುಗ್ಗಿತ್ತು. ಬಾಗಿಲ ಚಿಲಕ ತುಕ್ಕು ಹಿಡಿದಿತ್ತು. ಬೀಗ ಮಾತ್ರ ಫಳಫಳ ಹೊಳೆಯುತ್ತಿತ್ತು.

"ಹಬೆ ಬಿಟ್ರೆ ಒಳಗೆ ಎಷ್ಟು ಬಿಸಿಯಾಗುತ್ತೆ?"

ಮಾಲಕಿಯ ಮುಖದಲ್ಲಿ ನಗು ಇರಲಿಲ್ಲ. "ಒದ್ದೆ ಕಂಬಳಿ ಇಪ್ಪತ್ತು ನಿಮಿಷದಲ್ಲಿ ಒಣಗ್ತಿತ್ತು."

"ವಾಲ್ವ್ ಬಂದ್ ಮಾಡಿಸಿ. ಕಬ್ಬಿಣದ ಸಲಾಕೆ ತನ್ನಿ."

ದಫೇದಾರರ ವಯಸ್ಸು ಐವತ್ತೇಳು. ಸಲಾಕೆಯನ್ನು ಯಾರ ಕೈಗೂ ಕೊಡಲಿಲ್ಲ. ಮೊದಲ ಏಟಿಗೆ ಚಿಲಕ ಅಲ್ಲಾಡಲಿಲ್ಲ, ಎರಡನೆಯದಕ್ಕೂ ಇಲ್ಲ. ಆರನೆಯದಕ್ಕೆ ಚೌಕಟ್ಟಿನ ಮರ ಸೀಳಿ ಬಾಗಿಲು ಈಚೆಗೆ ಬಂತು. ಒಲೆಯ ಬಾಯಿ ತೆರೆದಂತೆ ಕಾವು ಹೊರನುಗ್ಗಿತು.

ಟೈಮ್‌ಕೀಪರ್ ಹೊಸ್ತಿಲ ಸಂದಿಗೆ ಮೂಗು ಒತ್ತಿ ನೆಲದ ಮೇಲೆ ಬೋರಲು ಬಿದ್ದಿದ್ದಳು. ತುಟಿ ಬಿರಿದಿತ್ತು. ಬಟ್ಟೆ ಮೈಗಂಟಿತ್ತು. ಇನ್ಸ್‌ಪೆಕ್ಟರ್ ಮಂಡಿಯೂರಿ ಅವಳ ಕುತ್ತಿಗೆಗೆ ಬೆರಳಿಟ್ಟರು. ಮೊದಲು ಏನೂ ಸಿಗಲಿಲ್ಲ. ಆಮೇಲೆ ಸಿಕ್ಕಿತು, ಸಣ್ಣಗೆ, ಓಡುವಂತೆ. ತಣ್ಣೀರಲ್ಲಿ ಅದ್ದಿದ ಬಟ್ಟೆಯನ್ನು ಹಣೆಗಿಟ್ಟಾಗ ಅವಳು ಕಣ್ಣು ಬಿಟ್ಟಳು.

"ನಾಲ್ಕು ಸಲ ಬಂದ," ಎಂದಳು. ಧ್ವನಿ ಒಡೆದಿತ್ತು. "ಕಿಂಡೀಲಿ ನೀರು ಕೊಟ್ಟ. ತೆಗೀತೀನಿ ತೆಗೀತೀನಿ ಅಂದ. ತೆಗೀಲೇ ಇಲ್ಲ."

ಹನ್ನೊಂದು ನಲವತ್ತೊಂದಕ್ಕೆ ಅವಳನ್ನು ಹೊರತಂದದ್ದು. ಇನ್ನು ಹದಿನೈದು ನಿಮಿಷ ತಡವಾಗಿದ್ದರೆ ಕೈಮೀರುತ್ತಿತ್ತು ಎಂದರು ಆಸ್ಪತ್ರೆಯ ವೈದ್ಯರು. ಮಾಲಕಿ ಮತ್ತು ಇಬ್ಬರು ಕೆಲಸಗಾರರ ಸಮ್ಮುಖದಲ್ಲಿ ಪಂಚನಾಮೆ ನಡೆಯಿತು: ಹೊಸ ಬೀಗ ಒಂದು, ನೀರಿನ ಬಾಟಲಿ ಎರಡು, ಬಾಗಿಲಲ್ಲಿ ಕೈ ತೂರುವಷ್ಟು ಕಿಂಡಿ, ಅದಕ್ಕೆ ಹೊರಗಡೆಯಿಂದ ಅಗುಳಿ. ಹೆಂಗಸಿನ ಫೋನು ಇಸ್ತ್ರಿ ಮೇಜಿನ ಕೆಳಗೆ, ಮಡಿಸಿದ ದಿಂಬಿನ ಹೊದಿಕೆಯೊಳಗೆ ಸಿಕ್ಕಿತು.

ಕಾನ್‌ಸ್ಟೆಬಲ್ ಕರೆ ಮಾಡಿದಾಗ ಹನ್ನೆರಡು ದಾಟಿತ್ತು. ಇನ್ಸ್‌ಪೆಕ್ಟರ್ ಏಳನೇ ಧಕ್ಕೆಗೆ ತಾವೇ ಹೋದರು. ಇಸ್ತ್ರಿಯವನು ತೆಳ್ಳನೆಯ ಮನುಷ್ಯ, ಮುಂಗೈ ತುಂಬ ಹಳೆಯ ಸುಟ್ಟ ಗೀರುಗಳು. ಕಾವಲುಗಾರರು ಮೂಟೆಗಳನ್ನೆಲ್ಲ ಬಿಚ್ಚಿ ತಪಾಸಣೆ ಮಾಡಿದ್ದರಿಂದ ಅವನು ಅಲ್ಲೇ ಸಿಕ್ಕಿಕೊಂಡಿದ್ದ. ಖಾಕಿ ಕಂಡು ಓಡಲಿಲ್ಲ. ತಳ್ಳುಗಾಡಿಯ ಹಿಡಿ ಬಿಟ್ಟು ತಾನೇ ಎದುರು ಬಂದ.

"ಮೂರನೇ ವಾಲ್ವ್ ಬಂದ್ ಮಾಡಿದ್ರಾ ಮೇಡಂ?"

"ಮಾಡಿದ್ವಿ."

"ಇದ್ದಾಳಾ?"

"ಇದ್ದಾರೆ."

ಅವನು ಗಾಡಿಯ ಅಂಚಿಗೆ ಒರಗಿ ಹಾಗೇ ಕುಸಿದು ಕೂತ. ಹನ್ನೆರಡು ಇಪ್ಪತ್ತಕ್ಕೆ ದಸ್ತಗಿರಿಯಾಯಿತು.

ಮೂರು ಗಂಟೆಗೆ ವಿಚಾರಣೆ.

"ಯಾಕೆ ಕೂಡಿಹಾಕಿದೆ?"

"ಅರ್ಧ ಗಂಟೆ ಮೊದಲೇ ಬಂದ್ಬಿಟ್ಲು. ನಾನು ಗಾಡಿ ತಳ್ತಾ ಇದ್ದೆ. ಕ್ಯಾಪ್ಟನ್ ಅಂತ ಕೂಗಿದ್ಲು."

"ಆಮೇಲೆ?"

"ಎಲ್ಲರ ಎದುರು ಬೇಡ ಅಂತ ಹಿಂಬಾಗಿಲಿಂದ ಆ ಕೋಣೆಗೆ ಕರ್ಕೊಂಡು ಹೋದೆ. ಎಲ್ಲ ಹೇಳ್ದೆ."

"ಬೈದ್ರಾ? ನಕ್ಕರಾ?"

"ಇಲ್ಲ." ಅವನು ಮುಂಗೈಯ ಗೀರುಗಳನ್ನು ಉಜ್ಜಿಕೊಂಡ. "ಇದರಲ್ಲಿ ನಾಚಿಕೆ ಪಡೋದೇನಿದೆ, ನಿನಗೆ ಕಷ್ಟ ಆದ್ರೆ ನಾನೇ ಎಲ್ಲರಿಗೂ ಹೇಳ್ತೀನಿ ಬಿಡು ಅಂದ್ಲು. ಫೋನ್ ಕೈಗೆ ತಗೊಂಡ್ಲು. ಕಿತ್ಕೊಂಡು ಬಾಗಿಲು ಹಾಕ್ದೆ. ಅವರು ಬರೋದು ತಪ್ಪಿದ್ರೆ ಸಾಕು, ಆಮೇಲೆ ಬಿಡೋಣ ಅಂತಿದ್ದೆ."

"ಬಿಟ್ಟ ಮೇಲೆ ಅವರು ಹೇಳ್ತಿರಲಿಲ್ವಾ?"

"ಅದಕ್ಕೇ ತೆಗೆಯೋಕೆ ಆಗ್ಲಿಲ್ಲ ಮೇಡಂ."

ಹಡಗಿನ ಕೆಲಸಕ್ಕೆಂದೇ ಇಪ್ಪತ್ತೆರಡು ವರ್ಷದ ಹಿಂದೆ ಅವನು ಈ ಊರಿಗೆ ಬಂದದ್ದು. ಕಣ್ಣಿನ ಪರೀಕ್ಷೆಯಲ್ಲಿ ಕೆಂಪು ದೀಪ, ಹಸಿರು ದೀಪ ಬೇರೆ ಬೇರೆಯಾಗಿ ಕಾಣಲಿಲ್ಲ. ಪಾಸಾದೆ ಎಂದು ಮನೆಗೆ ಬರೆದ. ತಾಯಿ ಆ ಕಾಗದವನ್ನು ಓಣಿಗೆಲ್ಲ ಓದಿಸಿದಳು. ನಂಬಿದವಳು ನಂಬಿಕೊಂಡೇ ತೀರಿಕೊಂಡಳು. ಅಲ್ಲಿಗೆ ಮುಗಿಯಬೇಕಿತ್ತು. ಅಷ್ಟರಲ್ಲಿ ಶಾಲೆಯವರೆಲ್ಲ ಫೋನಿನಲ್ಲಿ ಒಂದಾದರು, ಕ್ಯಾಪ್ಟನ್ ಎಂದು ಕರೆದರು. ಒಬ್ಬ ಸಹಪಾಠಿಯ ಮಗ ಇವನ ಮಾತು ಕೇಳಿ ಹಡಗಿನ ಓದಿಗೂ ಸೇರಿದ್ದ. ದಿನಕ್ಕೆ ಹತ್ತು ಗಂಟೆ ಹಬೆಯಲ್ಲಿ ಬೆಂದು ಮನೆಗೆ ಹೋದ ಮೇಲೆ ಅವನಿಗಿದ್ದ ಸುಖ ಅದೊಂದೇ.

ಅಕ್ರಮ ಬಂಧನ, ಕೊಲೆಯತ್ನ, ಎರಡೂ ಕಲಂ ಹಾಕಬೇಕಿತ್ತು. ವಾಲ್ವ್ ನಾಲ್ಕು ಸಲ ಮುಚ್ಚಿದ್ದನ್ನೂ, ಬಾಗಿಲನ್ನು ಒಂದು ಸಲವೂ ತೆಗೆಯದಿದ್ದನ್ನೂ ಇನ್ಸ್‌ಪೆಕ್ಟರ್ ಹೇಳಿಕೆಯಲ್ಲಿ ಇದ್ದ ಹಾಗೇ ಬರೆಸಿದರು. ನಿನ್ನೆ ಎಂಟು ಗಂಟೆಗೆ ದೂರು ತಿರಸ್ಕರಿಸಿದವರ ಮೇಲೆ ಬೇರೆ ವರದಿ ಬರೆದು ಸಹಿ ಹಾಕಿದರು.

"ಗ್ರೂಪಿನೋರಿಗೆ ಗೊತ್ತಾಯ್ತಾ?" ಎಂದು ಅವನು ಕೇಳಿದ.

"ನಾನು ಹೇಳಿಲ್ಲ. ಕೋರ್ಟಿನಲ್ಲಿ ಗೊತ್ತಾಗುತ್ತೆ."

ದಫೇದಾರರು ದಸ್ತಗಿರಿ ಪತ್ರ ಎಳೆದುಕೊಂಡು ಒಂದೊಂದೇ ಕಾಲಂ ತುಂಬತೊಡಗಿದರು. ಹೆಸರು, ತಂದೆಯ ಹೆಸರು, ವಯಸ್ಸು, ವಿಳಾಸ ಎಲ್ಲಕ್ಕೂ ಅವನು ಥಟ್ಟನೆ ಉತ್ತರ ಕೊಟ್ಟ.

"ಉದ್ಯೋಗ?"

ಅವನು ಕಿಟಕಿಯ ಕಡೆ ನೋಡಿದ. ಎಲ್ಲ ಗೊತ್ತಿದ್ದೂ ದಫೇದಾರರು ತಾವಾಗಿ ಬರೆಯಲಿಲ್ಲ, ಇನ್ಸ್‌ಪೆಕ್ಟರ್ ಕೂಡ ಅವಸರ ಮಾಡಲಿಲ್ಲ. ಹೊರಗೆ ಯಾವುದೋ ಹಡಗು ಎರಡು ಸಲ ಕೂಗಿ ನಿಂತಿತು.

"ಇಸ್ತ್ರಿ," ಎಂದ. ಕೇಳಿಸಲಿಲ್ಲವೇನೋ ಎಂದು ಮತ್ತೆ ಹೇಳಿದ. "ಬಟ್ಟೆ ಇಸ್ತ್ರಿ ಮಾಡ್ತೀನಿ. ಲಾಂಡ್ರೀಲಿ."

ದಫೇದಾರರು ಬರೆದುಕೊಂಡರು.