ಮಂತ್ರಿಯ ಪಿಸುಮಾತು

“ಪಿಸುಗುಡೋದು ಅಂದ್ರ ಹಿಂಗೇನು? ಪಕ್ಕದ ಕ್ಲಾಸಿನವ್ರು ಎದ್ದು ನಿಂತಾರ!” ಎಂದು ಮಾಸ್ತರರು ಕಿವಿ ಮುಚ್ಚಿಕೊಂಡರು.

ರಾಚವ್ವ ಪುಸ್ತಕದ ಹಿಂದೆ ಮುಖ ಅಡಗಿಸಿದಳು. ಪರೇಲಿನ ಆ ಕನ್ನಡ ಶಾಲೆಯಲ್ಲಿ ಪಾಠವನ್ನು ನಾಟಕದ ಹಾಗೆ ಓದಿಸುವುದು ಮಾಸ್ತರರ ಹೊಸ ಹುಚ್ಚು. ವೇಷ ಬೇಡ, ಬಾಯಿಪಾಠ ಬೇಡ. ಪುಸ್ತಕ ಹಿಡಿದು ನಿಂತು ತಮ್ಮ ತಮ್ಮ ಪಾತ್ರದ ಮಾತು ಓದಿದರೆ ಸಾಕು. ನೀಲಕಂಠಪ್ಪ ರಾಜ. ಪಾತ್ರ ಸಿಕ್ಕ ದಿನದಿಂದ ಅವನು ನೀರು ಕುಡಿಯಲು ಹೋಗುವಾಗಲೂ ಎದೆ ಉಬ್ಬಿಸಿಯೇ ನಡೆಯುತ್ತಿದ್ದ. ರಾಚವ್ವ ಮಂತ್ರಿ. ಪಾಠದಲ್ಲಿ, ಊಟದ ಪಂಕ್ತಿಗೆ ಕೂತ ರಾಜನ ಪೇಟದ ತುದಿ ಸಾರಿನ ಪಾತ್ರೆಗೆ ಬಿದ್ದಿರುತ್ತದೆ. ಅದನ್ನು ಮಂತ್ರಿ ಯಾರಿಗೂ ಕೇಳದಂತೆ ರಾಜನ ಕಿವಿಯಲ್ಲಿ ಹೇಳಬೇಕು.

ರಾಚವ್ವನಿಗೆ ಮೆಲ್ಲಗೆ ಮಾತಾಡಿಯೇ ಗೊತ್ತಿರಲಿಲ್ಲ. ಅಪ್ಪ ಗದಿಗೆಪ್ಪ ಮಿಲ್ಲಿನಲ್ಲಿ ಮಗ್ಗ ನಡೆಸುವವನು. ಮಗ್ಗಗಳ ಗದ್ದಲಕ್ಕೆ ಅವನ ಕಿವಿ ಮಂದವಾಗಿತ್ತು. ಮಿಲ್ಲಿನವರು ಒಬ್ಬರ ತುಟಿ ಒಬ್ಬರು ನೋಡಿಯೇ ಮಾತು ತಿಳಿದುಕೊಳ್ಳುತ್ತಿದ್ದರು. ಅವ್ವನೂ ಮನೆಯಲ್ಲಿ ಹಾಗೆಯೇ, ಸದ್ದಿಲ್ಲದೆ ತುಟಿಯಾಡಿಸಿ ಅಪ್ಪನ ಜೊತೆ ಜಗಳವನ್ನೂ ಆಡಿ ಮುಗಿಸುತ್ತಿದ್ದಳು. ಅಷ್ಟು ತಾಳ್ಮೆ ರಾಚವ್ವನಿಗೆಲ್ಲಿ? ಅವಳು ಕೂಗುತ್ತಿದ್ದಳು. ಚಾಳಿನ ಎಲ್ಲ ಮನೆಗಳಿಗೂ ಅವಳ ಮನೆಯ ಸುದ್ದಿ ಗೊತ್ತಾಗುತ್ತಿತ್ತು.

“ನಾಳೆ ಎಲ್ಲಾರ ಮನಿಯವ್ರೂ ಬರ್ತಾರ. ಇನ್ನೊಮ್ಮೆ ಒದರಿದ್ರ ನಿನ್ನ ಪಾತ್ರ ಚನ್ನವ್ವಗ!” ಎಂದರು ಮಾಸ್ತರರು.

“ಆದ್ರ ಸರ, ನಮ್ಮಪ್ಪಗ ಕೇಳಬೇಕಲ್ರೀ? ಪಾಳಿ ಬದಲಿ ಮಾಡ್ಕೊಂಡು ಬರಾಕತ್ತಾನ.”

“ಗುಟ್ಟು ರಾಜಗ ಹೇಳೋದವಾ, ನಿಮ್ಮಪ್ಪಗಲ್ಲ!”

ಕ್ಲಾಸೆಲ್ಲ ನಕ್ಕಿತು. ರಾಚವ್ವನಿಗೆ ಅಳು ಬಂತು, ಅದಕ್ಕಿಂತ ಹೆಚ್ಚು ಸಿಟ್ಟು ಬಂತು.

ಮರುದಿನ ಹಿಂದಿನ ಬೆಂಚುಗಳ ತುಂಬ ಮಿಲ್ಲಿನವರು. ಅಪ್ಪ ಒಗೆದ ಬಿಳಿ ಟೋಪಿ ಹಾಕಿಕೊಂಡು ಅವರ ನಡುವೆ ಕೂತಿದ್ದ. ಅಷ್ಟು ಜನರನ್ನು ಕಂಡದ್ದೇ ತಡ, ನೀಲಕಂಠಪ್ಪನ ಗತ್ತೆಲ್ಲ ಇಳಿದುಹೋಯಿತು. ಪುಸ್ತಕವನ್ನು ಮೂಗಿಗೆ ತಾಗಿಸಿಕೊಂಡು ಗೊಣಗತೊಡಗಿದ. ಕಿಟಕಿಯಾಚೆ ಟ್ರಾಮಿನ ಗಂಟೆ ಬೇರೆ. ಅಪ್ಪ ಕತ್ತು ಚಾಚಿದ. ಅವನ ಕಣ್ಣು ಓದುವವರ ಬಾಯಿ ಹುಡುಕುತ್ತಿತ್ತು, ಬಾಯಿ ಇರಬೇಕಾದ ಕಡೆ ಬರೀ ಪುಸ್ತಕ.

ಮಂತ್ರಿಯ ಸರದಿ ಬಂತು. ರಾಚವ್ವ ಒಮ್ಮೆ ಅಪ್ಪನನ್ನು ನೋಡಿದಳು. ಪುಸ್ತಕವನ್ನು ಕೆಳಗಿಳಿಸಿದಳು. ರಾಜನ ಕಡೆ ಬಾಗಿದಳು, ಮುಖ ಮಾತ್ರ ಹಿಂದಿನ ಬೆಂಚಿನತ್ತಲೇ ಇತ್ತು. ಸದ್ದೇ ಹೊರಡಿಸದೆ, ಅವ್ವನ ಹಾಗೆ ತುಟಿ ಅಗಲಿಸಿ ಹೇಳಿದಳು: ‘ಮಹಾರಾಜಾ, ನಿಮ್ಮ ಪೇಟ ಸಾರು ಕುಡಿಯುತ್ತಿದೆ!’

ಹಿಂದಿನ ಬೆಂಚಿನವರೆಲ್ಲ ಗೊಳ್ಳೆಂದರು. ಅಪ್ಪ ತೊಡೆ ತಟ್ಟಿಕೊಂಡು ನಕ್ಕ. ಮುಂದೆ ಕೂತ ಮಕ್ಕಳಿಗೆ ಏನಾಯಿತೆಂದೇ ತಿಳಿಯಲಿಲ್ಲ. ಮಾಸ್ತರರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

“ಏನಂದಿ? ನನಗ ಕೇಳಲೇ ಇಲ್ಲ!” ಎಂದ ರಾಜ.

ರಾಚವ್ವ ಅವನ ಕಡೆ ತಿರುಗಲಿಲ್ಲ. ಅಷ್ಟು ದೂರದಲ್ಲಿ ಅಪ್ಪನ ತುಟಿಗಳು ಆಡುತ್ತಿದ್ದವು. ಇಷ್ಟು ದಿನ ಅವಳು ಅವನ್ನು ನೋಡುವ ಗೊಡವೆಗೇ ಹೋಗಿರಲಿಲ್ಲ. ಈಗ ಕಣ್ಣು ನೆಟ್ಟು ನೋಡಿದಳು.

‘ಇನ್ನೊಮ್ಮೆ ಹೇಳವಾ.’

ರಾಚವ್ವ ಕೂಗಲಿಲ್ಲ. ಇನ್ನೊಮ್ಮೆ ಹೇಳಿದಳು.