ಕರಜಗಿಯ ಸೊನ್ನೆ

ಪರದೆಯ ಮೇಲೆ ಕೆಂಪು ಚುಕ್ಕಿ ಸೊಲ್ಲಾಪುರದಿಂದ ಹೊರಟಿತು. ಅಕ್ಕಲಕೋಟ ತಲುಪಿತು. ಅಲ್ಲಿಂದ ಮುಂದೆ ಕರಜಗಿಗೆ ಹೋಗಬೇಕಲ್ಲ... ಹೋಗಲಿಲ್ಲ! ಗಕ್ಕನೆ ತಿರುಗಿ ಬಂದ ದಾರಿಯನ್ನೇ ಹಿಡಿಯಿತು.

ಕರಜಗಿಯ ಛಾಯಾ ಕೂತಲ್ಲೇ ಮುಂದಕ್ಕೆ ಬಾಗಿದಳು.

ಕಾಲೇಜಿನ ಹೊಸ ಬಸ್ಸು ಎಲ್ಲೆಲ್ಲಿಗೆ ಹೋಗಬೇಕೆಂದು ಸಭೆಯಲ್ಲಿ ಕಂಪ್ಯೂಟರಿನ ನಕ್ಷೆಯ ಮೇಲೆ ಓಡಿಸಿ ತೋರಿಸುತ್ತಿದ್ದವನು ಶಿವಶರಣ. ಸೊಲ್ಲಾಪುರದ ವಿಜಾಪುರ ರಸ್ತೆಯ ಹುಡುಗ, ಕೊನೆಯ ವರ್ಷದವನು. ಎರಡು ತಿಂಗಳಿಂದ ಕ್ಯಾಂಟೀನಿನಲ್ಲಿ ಅವಳ ಚಹಾ ಆರಿ ತಣ್ಣಗಾಗುವವರೆಗೂ ಮಾತಾಡುವವನು. ಅವನೇ ಹೀಗೆ ಮಾಡುವುದೇ?

"ಕರಜಗಿಯಿಂದ ಎಷ್ಟು ಮಂದಿ?" ಪ್ರಾಚಾರ್ಯರು ಕೇಳಿದರು.

"ಶೂನ್ಯ ಸರ್. ಒಬ್ರೂ ಇಲ್ಲ."

ಒಬ್ಬರೂ ಇಲ್ಲ! ಹಾಗಾದರೆ ಸರ್ಕಾರಿ ಎಸ್ಟಿ ಬಸ್ಸಿಗೆ ಕಾದು ಕಾದು ದಿನಾ ಮೊದಲ ತಾಸು ಕಳೆದುಕೊಳ್ಳುವ, ತನ್ನನ್ನೂ ಸೇರಿಸಿ ಹನ್ನೊಂದು ಹುಡುಗಿಯರು ಯಾರು? ಅವಳ ಅಪ್ಪ ಸಿದ್ರಾಮ ಕಡ್ಡಿ ಮುರಿದಂತೆ ಹೇಳಿಬಿಟ್ಟಿದ್ದ: "ಕಾಲೇಜ್ ಬಸ್ ಊರಿಗೆ ಬಂದ್ರ ಕಲಿ. ಇಲ್ಲಂದ್ರ ಸಾಕು ಮಾಡು."

ಸಭೆ ಮುಗಿದದ್ದೇ ತಡ, ಅವನೆದುರು ಹೋಗಿ ನಿಂತಳು.

"ನಮ್ಮೂರ ನಿನ್ನ ಲೆಕ್ಕಕ್ಕ ಇಲ್ಲೇನು?"

"ನಿಮ್ಮೂರ ಅಕ್ಕಲಕೋಟ ಅಲ್ಲೇನು?" ಅವನು ಬೆಚ್ಚಿದ. "ನೀನ ಹೇಳಿದ್ಯಲ್ಲ..."

"ಸಿಟಿಯವ್ರಿಗೆ ಕರಜಗಿ ಅಂದ್ರ ತಿಳಿಯಂಗಿಲ್ಲ ಅಂತ ಹಂಗ ಹೇಳಿದ್ದೆ!"

ಶಿವಶರಣನ ಮುಖ ಬಿಳಿಚಿಕೊಂಡಿತು. ಬಸ್ಸಿಗೆ ಎಷ್ಟು ಮಂದಿ ಎಂದು ಕರಜಗಿಯಿಂದ ಬಂದಿದ್ದ ಚೀಟಿ ಹುಡುಕಿ ತೆಗೆದ. "ನೋಡು, ಶೂನ್ಯ ಬರದಾರ. ಅದೂ ಎರಡೆರಡು!"

ಅಯ್ಯೋ... ಅವಳದೇ ಕೈಬರಹ! ಊರ ಹೆಸರು ಮರಾಠಿಯಲ್ಲಿ, ಅಂಕಿ ಮಾತ್ರ ಕರಜಗಿಯ ಕನ್ನಡ ಸಾಲಿಯ ರೂಢಿಯಲ್ಲಿ: ೧೧.

"ಇದು ಶೂನ್ಯ ಅಲ್ಲೋ! ಹನ್ನೊಂದು! ಕನ್ನಡದ ಹನ್ನೊಂದು!"

ಮನೆಯಲ್ಲಿ ಕನ್ನಡ ಆಡಿ, ಸಾಲಿಯಲ್ಲಿ ಮರಾಠಿ ಕಲಿತವನು ದಂಗಾಗಿ ನಿಂತ. ಎಡವಟ್ಟಿನಲ್ಲಿ ಅರ್ಧ ಪಾಲು ತನ್ನದೂ ಇದೆಯೆಂದು ಛಾಯಾಳಿಗೂ ಹೊಳೆಯಿತು. ಅವಳು ಬಾಯಿ ತೆರೆಯುವಷ್ಟರಲ್ಲಿ ಅವನು ಓಡಿಹೋಗಿ ಪ್ರಾಚಾರ್ಯರನ್ನು ಬಾಗಿಲಲ್ಲೇ ತಡೆದಿದ್ದ.

"ತಪ್ಪು ನಂದ ಐತಿ ಸರ್. ಇನ್ನೊಮ್ಮೆ ನೋಡ್ರಿ."

ಹನ್ನೊಂದು ಎಂದು ತುಂಬಿ ಮತ್ತೆ ಓಡಿಸಿದ. ಕೆಂಪು ಚುಕ್ಕಿ ಅಕ್ಕಲಕೋಟ ದಾಟಿತು... ಕರಜಗಿಗೆ ಬಂದು ನಿಂತಿತು! ಪ್ರಾಚಾರ್ಯರು ತಲೆಯಾಡಿಸಿ, ಸೋಮವಾರದಿಂದಲೇ ಓಡಲಿ ಎಂದು ಹೇಳಿ ಹೋದರು.

ಛಾಯಾಳ ಕಣ್ಣು ತುಂಬಿ ಬಂತು. ಅಷ್ಟೊತ್ತಿನ ಸಿಟ್ಟು ಎಲ್ಲಿ ಹೋಯಿತೋ! ಈ ಹುಡುಗನನ್ನು ಕಂಡರೆ ತನಗೆ ಎಷ್ಟು ಇಷ್ಟ ಎಂದು ನೆನೆದು ಅವಳಿಗೇ ಗಾಬರಿಯಾಯಿತು.

"ಛಾಯಾ... ನನಗ ಕನ್ನಡ ಅಂಕಿ ಕಲಸ್ತೀಯೇನು?"

"ಎಷ್ಟರ ತನಕ?"

"ಎರಡರ ತನಕ ಸಾಕು." ಅವನು ಬೆರಳು ಮಡಚಿ ಎಣಿಸಿದ. "ನೀ ಒಬ್ಬಾಕಿ, ನಾ ಒಬ್ಬಾಂವ."

ಅವಳು ಅವನ ಪೆನ್ನು ಇಸಿದುಕೊಂಡು, ಅದೇ ಚೀಟಿಯ ಮೂಲೆಯಲ್ಲಿ ದೊಡ್ಡದಾಗಿ ೨ ಎಂದು ಬರೆದಳು.

"ಇದನ್ನರ ಸರಿಯಾಗಿ ಓದು," ಅಂದಳು.